ಪಾದಚಾರಿ ಮಾರ್ಗದ ಮೇಲೆ ಸ್ಕ್ಯಾಫೋಲ್ಡಿಂಗ್: ಅನುಮತಿ ಮತ್ತು ಸುರಕ್ಷತೆಯ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಜನನಿಬಿಡ ರಸ್ತೆಗೆ ತಾಗಿಕೊಂಡಿರುವ ಹಳೆಯ ಬಹುಮಹಡಿ ಕಟ್ಟಡವೊಂದರ ಹೊರಗೋಡೆಯ ದುರಸ್ತಿಯ ಮೇಲ್ವಿಚಾರಣೆಯನ್ನು ನಾನು ವಹಿಸಿಕೊಂಡಿದ್ದೇನೆ. ಸ್ಕ್ಯಾಫೋಲ್ಡಿಂಗ್‌ನ (ಕೆಲಸಗಾರರು ನಿಂತು ಕೆಲಸ ಮಾಡಲು ಕಟ್ಟುವ ತಾತ್ಕಾಲಿಕ ಅಟ್ಟಣೆಯ) ಕಂಬಗಳನ್ನು ಪಾದಚಾರಿ ಮಾರ್ಗದ ಮೇಲೆಯೇ ನಿಲ್ಲಿಸಬೇಕಾಗಿರುವುದರಿಂದ, ದುರಸ್ತಿಗೆ ದೊರೆತಿರುವ ಪರವಾನಗಿಯೊಂದೇ ಸಾಕಾಗುತ್ತದೆಯೇ, ಅಥವಾ ಸಾರ್ವಜನಿಕ ಜಾಗವನ್ನು ತಾತ್ಕಾಲಿಕವಾಗಿ ಬಳಸಲು ನಗರಾಡಳಿತದಿಂದಲೂ ಸಂಚಾರ ಪೊಲೀಸರಿಂದಲೂ ಪ್ರತ್ಯೇಕ ಅನುಮತಿ ಪಡೆಯಬೇಕೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಗೋಡೆಗೆ ಬಿಗಿಯುವ ವಿಷಯ. ಸ್ಕ್ಯಾಫೋಲ್ಡಿಂಗ್‌ನ ಎತ್ತರವು ಅದರ ತಳದ ಅಗಲದ 4 ಪಟ್ಟನ್ನು ಮೀರಿದರೆ ಅದನ್ನು ಕಟ್ಟಡಕ್ಕೆ ಭದ್ರವಾಗಿ ಕಟ್ಟಬೇಕು ಅಥವಾ ಬೇರೆ ಆಧಾರ ಕೊಡಬೇಕು ಎಂಬ ನಿಯಮವನ್ನು ನಾನು ಬಲ್ಲೆ. ಆದರೆ ಇಲ್ಲಿನ ಗಾರೆ ಸಡಿಲವಾಗಿದೆ. ಗುತ್ತಿಗೆದಾರರು ಕಿಟಕಿಯ ಚೌಕಟ್ಟಿಗೂ ನೀರಿನ ಕೊಳವೆಗಳಿಗೂ ಕಟ್ಟಿದರಾಯಿತು ಎನ್ನುತ್ತಿದ್ದಾರೆ. ಅದನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಅದರ ಮೇಲೆ, ಕೆಳಗೆ ನಡೆಯುವವರ ಮೇಲೆ ಚೂರುಗಳು ಬೀಳದಂತೆ ಹೊರಗಿನಿಂದ ಬಲೆ ಹೊದಿಸಿದಾಗ ಗಾಳಿಯ ಒತ್ತಡ ಬಹಳಷ್ಟು ಹೆಚ್ಚುತ್ತದೆ. ಆ ಹೆಚ್ಚುವರಿ ಭಾರವನ್ನು ಲೆಕ್ಕಹಾಕಿ ಆಂಕರ್‌ಗಳ (ಅಟ್ಟಣೆಯನ್ನು ಗೋಡೆಗೆ ಬಿಗಿಯುವ ಕೊಂಡಿಗಳ) ಅಂತರವನ್ನು ನಿಗದಿಪಡಿಸುವವರು ಯಾರು, ಆಂಕರ್‌ಗಳ ಎಳೆತ ಪರೀಕ್ಷೆಯನ್ನು (ಎಳೆದು ಹಿಡಿತದ ಬಲ ನೋಡುವುದನ್ನು) ಯಾರಿಂದ ಮಾಡಿಸಬೇಕು?

ಕಂಬದಡಿಯ ತಳಫಲಕ, ಕೆಲಸಗಾರರು ಬೀಳದಂತೆ ತಡೆಯುವ ಕೈತಡೆ, ವಸ್ತುಗಳು ಜಾರಿ ಬೀಳದಂತೆ ಅಂಚಿಗೆ ಕೂರಿಸುವ ಕಾಲಂಚಿನ ಹಲಗೆಗಳ ವಿಷಯದಲ್ಲಿ ಗೊಂದಲವಿಲ್ಲ. ಮೊದಲ ಬಳಕೆಗೆ ಮುನ್ನ, ನಂತರ ನಿಯಮಿತವಾಗಿ, ಹಾಗೂ ಬಿರುಗಾಳಿ ಮಳೆಯ ಬಳಿಕ ಮಾಡುವ ತಪಾಸಣೆಯನ್ನು ದಾಖಲಿಸುವ ಪುಸ್ತಕದ ಮಾದರಿ ಯಾರಲ್ಲಾದರೂ ಇದ್ದರೆ ಹಂಚಿಕೊಳ್ಳಿ. ಅನುಮತಿಯ ಅರ್ಜಿಯೊಂದಿಗೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿದ ನಕ್ಷೆಯನ್ನು ಲಗತ್ತಿಸಿದವರಿದ್ದರೆ, ಅದರಲ್ಲಿ ಯಾವ ಯಾವ ವಿವರಗಳನ್ನು ಕೇಳಿದ್ದರು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಅನುಮತಿ ಕೈಸೇರುವವರೆಗೆ ಒಂದು ಕಂಬವನ್ನೂ ನಿಲ್ಲಿಸಬಾರದೆಂದು ಸೂಚಿಸಿದ್ದೇನೆ.