ಆಂಥೋಸಯನಿನ್‌ಗೆ ‘ಹೂನೀಲಿ’ ಆದೀತೆ?

ಮಂಡ್ಯದಿಂದ:
ನಮಸ್ಕಾರ. ಪಿಯುಸಿ ಮಕ್ಕಳಿಗೆಂದು ಹೂವಿನ ಬಣ್ಣದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕರಡಿನಲ್ಲಿ ಹೂವಿಗೆ ಕೆಂಪು, ನೇರಳೆ, ನೀಲಿ ಬಣ್ಣ ಕೊಡುವ ಆಂಥೋಸಯನಿನ್‌ಗೆ ‘ಹೂನೀಲಿ’, ಜೀನ್ ಸೈಲೆನ್ಸಿಂಗ್‌ಗೆ ‘ವಂಶವಾಹಿ ನಾಶ’ ಎಂದಿದೆ. ‘ಮಲ್ಲಿಗೆಯ ಬಿಳಿ ವರ್ಣದ್ರವ್ಯ’ ಅಂತಲೂ ಇದೆ. ಸರಿಯೇ?

ಮೈಸೂರಿನಿಂದ:
ಮೇಡಂ, ಮೂರೂ ಬೇಡ.

‘ಹೂನೀಲಿ’ ಮೂಲಕ್ಕೇನೋ ನಿಷ್ಠವಾಗಿದೆ. ಗ್ರೀಕಿನಲ್ಲಿ ಆಂಥೋಸ್ ಎಂದರೆ ಹೂ, ಕ್ಯಾನೋಸ್ ಎಂದರೆ ನೀಲಿ; 1835ರಲ್ಲಿ ಜರ್ಮನಿಯ ಔಷಧಶಾಸ್ತ್ರಜ್ಞ ಮಾರ್ಕ್ವಾರ್ಟ್ ಇಟ್ಟ ಹೆಸರು. ಆದರೆ ಕೆಂಪು ದಾಸವಾಳದಲ್ಲಿರುವುದೂ ಇದೇ ಗುಂಪಿನ ವಸ್ತು. ನಾಲ್ಕೈದು ಎಸಳನ್ನು ಬಿಸಿನೀರಲ್ಲಿ ನೆನೆಹಾಕಿ, ಸೋಸಿ, ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ನಾಲ್ಕು ಹನಿ ನಿಂಬೆರಸ ಬಿಟ್ಟರೆ ಕೆಂಪೇರುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ. ಇಂಥದ್ದಕ್ಕೆ ಒಂದೇ ಬಣ್ಣದ ಹೆಸರು ಕಟ್ಟಿದರೆ ಮಕ್ಕಳು ಎಡವುತ್ತಾರೆ. ‘ಆಂಥೋಸಯನಿನ್’ ಅಂತಲೇ ಇರಲಿ. ಚೆಂಡುಹೂವನ್ನು ಮಾತ್ರ ಈ ಪರೀಕ್ಷೆಗೆ ಇಳಿಸಬೇಡಿ. ಅದರ ಬಣ್ಣ ಬಹುಪಾಲು ಕೆರೋಟಿನಾಯ್ಡ್ ಎಂಬ ಹಳದಿ-ಕಿತ್ತಳೆ ವರ್ಣದ್ರವ್ಯ; ನೀರಲ್ಲಲ್ಲ, ಎಣ್ಣೆಯಲ್ಲಿ ಕರಗುವಂಥದ್ದು.

‘ನಾಶ’ ಎಲ್ಲಕ್ಕಿಂತ ದೊಡ್ಡ ತಪ್ಪು. ಜೀನ್ ಸೈಲೆನ್ಸಿಂಗ್ ಎಂದರೆ ವಂಶವಾಹಿ ಇದ್ದೂ ಅದರ ಕೆಲಸ ನಡೆಯದಂತಾಗುವುದು. ವಂಶವಾಹಿಯಲ್ಲಿರುವುದು ಕಿಣ್ವ ಎಂಬ ಪ್ರೋಟೀನನ್ನು ಕಟ್ಟುವ ವಿವರ. ಬಣ್ಣದ ಅಣುವನ್ನು ಹಂತಹಂತವಾಗಿ ಕಟ್ಟುವುದು ಕಿಣ್ವಗಳು. ಈ ಹಾದಿಯ ಬಾಗಿಲಲ್ಲೇ ಚಾಲ್ಕೋನ್ ಸಿಂಥೇಸ್ ಇದೆ: ಒಂದು ಕೂಮರಾಯಿಲ್-ಕೋಎ ಅಣುವಿಗೆ ಮೂರು ಮ್ಯಾಲೊನೈಲ್-ಕೋಎ ಅಣು ಜೋಡಿಸಿ ಬಣ್ಣ ಕಟ್ಟುವ ಕೆಲಸ ಶುರುಮಾಡುವ ಕಿಣ್ವ. ಬಣ್ಣ ಇನ್ನಷ್ಟು ಗಾಢವಾಗಲೆಂದು ಇದರ ವಂಶವಾಹಿಯ ಹೆಚ್ಚುವರಿ ಪ್ರತಿಯನ್ನು ವಿಜ್ಞಾನಿಗಳು ಪೆಟೂನಿಯಾ ಎಂಬ ಹೂಗಿಡಕ್ಕೆ ಸೇರಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ ಎಷ್ಟೋ ಗಿಡ ಬಿಟ್ಟಿದ್ದು ಬಿಳಿ ಹೂ, ಪಟ್ಟೆ ಹೂ. ವಂಶವಾಹಿ ಎಲ್ಲೂ ಹೋಗಿರಲಿಲ್ಲ. ಅದರಿಂದ ಆ ವಿವರ ಹೊತ್ತು ಹೊರಟ ಸಂದೇಶ ಆರ್‌ಎನ್‌ಎ, ಕಿಣ್ವ ತಯಾರಾಗುವ ಮೊದಲೇ ಚೂರಾಗುತ್ತಿತ್ತು.

ಇದಕ್ಕೆ ‘ಸದ್ದಡಗಿಸು’ ಎಂಬ ಹದವಾದ ಮಾತು ನಮ್ಮಲ್ಲೇ ಇದೆ. ‘ಮೌನಗೊಳಿಸು’ ಬಾಯಿಗೆ ಒರಟು. ‘ಹುಟ್ಟಡಗಿಸು’ ಅಂತ ಮಾತ್ರ ಬರೆದುಬಿಟ್ಟೀರಿ, ಅಲ್ಲಿಗೆ ಮತ್ತೆ ನಾಶವೇ ಆಯಿತು!

ಇನ್ನು ಮಲ್ಲಿಗೆ. ದೇವರಾಜ ಮಾರುಕಟ್ಟೆಯಿಂದ ಒಂದು ಮೊಳ ಮೈಸೂರು ಮಲ್ಲಿಗೆ ತಂದು, ಒಂದೆಸಳನ್ನು ಬೆರಳುಗಳ ನಡುವೆ ಹಿಸುಕಿ. ಬಿಳುಪು ಮಾಯವಾಗಿ ಎಸಳು ಎಣ್ಣೆ ಮೆತ್ತಿದ ಕಾಗದದಂತೆ ಕಾಣುತ್ತದೆ. ಕೋಶಗಳ ನಡುವಿನ ಗಾಳಿ ಬೆಳಕನ್ನು ಚೆದುರಿಸುತ್ತಿತ್ತು, ಅಷ್ಟೇ. ಬಿಳಿಯ ದ್ರವ್ಯ ಯಾವುದೂ ಅಲ್ಲಿಲ್ಲ.

ಅಂದಹಾಗೆ, ಪಾಠದಲ್ಲಿ ‘ವರ್ಣತಂತು’ (ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್) ಬಂದರೆ ಅಡಿಟಿಪ್ಪಣಿ ಹಾಕಿ. ಅಲ್ಲಿನ ವರ್ಣ ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ನಾವು ಹಚ್ಚುವ ಬಣ್ಣ. ಹೂವಿಗೂ ಅದಕ್ಕೂ ಸಂಬಂಧವಿಲ್ಲ.

ಮಂಡ್ಯದಿಂದ:
ವಂದನೆ ಸರ್. ನಾಮಪದ ‘ಸದ್ದಡಗಿಕೆ’ಯೋ, ‘ಸದ್ದಡಗಿಸುವಿಕೆ’ಯೋ?

ಮೈಸೂರಿನಿಂದ:
‘ಅಡಗಿಕೆ’ ಎಂದರೆ ತಾನಾಗಿ ಅಡಗಿದ್ದು. ಇಲ್ಲಿ ಕೋಶವೇ ಆರ್‌ಎನ್‌ಎಯನ್ನು ಕತ್ತರಿಸಿ ಅಡಗಿಸುತ್ತದೆ. ಉದ್ದವಾದರೂ ‘ಸದ್ದಡಗಿಸುವಿಕೆ’ಯೇ ಇರಲಿ.