ಕಾಫಿ ವ್ಯಾಪಾರಕ್ಕೆ ಬ್ಲಾಕ್‌ಚೈನ್ ಹಾಕಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಸಕಲೇಶಪುರದ ಕಡೆ ಸುಮಾರು 40 ಬೆಳೆಗಾರರಿಂದ ಕಾಫಿ ಕೊಂಡು ಹೊರದೇಶಕ್ಕೆ ಕಳಿಸುತ್ತೇವೆ. ಸಾಫ್ಟ್‌ವೇರ್ ಮಾರುವವರೊಬ್ಬರು ಬಂದು, ಬ್ಲಾಕ್‌ಚೈನ್ (ಹಲವರು ಸೇರಿ ಬರೆಯುವ, ಬರೆದದ್ದನ್ನು ಅಳಿಸಲಾಗದ ಡಿಜಿಟಲ್ ಲೆಕ್ಕದ ಪುಸ್ತಕ) ಇಲ್ಲದಿದ್ದರೆ ಯುರೋಪಿನವರು ಮಾಲು ಮುಟ್ಟುವುದಿಲ್ಲ ಅಂತ ಹೆದರಿಸಿ ಹೋದರು. ನಿಜವಾ?

ಉತ್ತರ: ಇಲ್ಲ. ಯುರೋಪಿನ 2023ರ ಅರಣ್ಯನಾಶ ತಡೆ ಕಾನೂನು ಮುಖ್ಯವಾಗಿ ಕೇಳುವುದು ಮೂರು ವಿಷಯ. ತೋಟ ಎಲ್ಲಿದೆ ಎಂಬ ಜಿಪಿಎಸ್ ಗುರುತು, 2020ರ ಡಿಸೆಂಬರ್ ನಂತರ ಅಲ್ಲಿ ಕಾಡು ಕಡಿದಿಲ್ಲ ಎಂಬುದಕ್ಕೆ ಪುರಾವೆ, ಮತ್ತೆ ನಮ್ಮ ದೇಶದ ಕಾನೂನಿನಂತೆಯೇ ಬೆಳೆದದ್ದು ಎಂಬುದಕ್ಕೆ ಪುರಾವೆ. ಅದನ್ನು ಬ್ಲಾಕ್‌ಚೈನ್‌ನಲ್ಲೇ ಇಡಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ನಿಮ್ಮಲ್ಲಿ ಲೆಕ್ಕ ಬರೆಯುವವರು ಯಾರು? ನೀವೊಬ್ಬರೇ ಆದರೆ ಸಾಮಾನ್ಯ ಡೇಟಾಬೇಸ್ ಸಾಕು. ಬೆಳೆಗಾರರು, ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆ), ಕೊಳ್ಳುವವರು ಎಲ್ಲರೂ ಬರೆಯಬೇಕು, ಆದರೆ ಯಾರ ಪುಸ್ತಕವನ್ನೂ ಯಾರೂ ನಂಬುವುದಿಲ್ಲ ಅನ್ನುವ ಕಡೆ ಮಾತ್ರ ಈ ಖರ್ಚಿಗೆ ಅರ್ಥ.

ಪ್ರಶ್ನೆ: ಆದರೆ ಅವರು ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ ಉದಾಹರಣೆ ತೋರಿಸಿದರು. ಮಾವಿನಹಣ್ಣಿನ ಮೂಲ ಹುಡುಕಲು ಸುಮಾರು 7 ದಿನ ಹಿಡಿಯುತ್ತಿತ್ತಂತೆ, ಬ್ಲಾಕ್‌ಚೈನ್ ಹಾಕಿದ ಮೇಲೆ ಅದು 2.2 ಸೆಕೆಂಡಿಗೆ ಇಳಿಯಿತಂತೆ.

ಉತ್ತರ: ಅದು ನಿಜ. ಆದರೆ ಸೊಪ್ಪು ಮಾರುವವರಿಗೆ 2018ರಲ್ಲಿ ವಾಲ್‌ಮಾರ್ಟ್ ಪತ್ರ ಬರೆದು, ಮುಂದಿನ ವರ್ಷದೊಳಗೆ ತನ್ನ ಬ್ಲಾಕ್‌ಚೈನ್‌ಗೆ ಸೇರಿಕೊಳ್ಳಿ ಅಂದಿತು. ಅಷ್ಟು ದೊಡ್ಡ ಗಿರಾಕಿ ಹೇಳಿದರೆ ಯಾರು ಬೇಡ ಅಂತಾರೆ? ನೀವು ನಿಮ್ಮ ಕ್ಯೂರಿಂಗ್ ವರ್ಕ್ಸ್‌ಗೆ ಹಾಗೆ ಹೇಳಿ ನೋಡಿ!

ಟ್ರೇಡ್‌ಲೆನ್ಸ್ ಕಥೆ ಅವರು ಹೇಳಿರಲಿಕ್ಕಿಲ್ಲ. ಅದು ಹಡಗು ಕಂಪನಿ ಮೇರ್ಸ್ಕ್, ಕಂಪ್ಯೂಟರ್ ಕಂಪನಿ ಐಬಿಎಂ ಸೇರಿ ಹಡಗಿನ ಸರಕಿನ ಲೆಕ್ಕಕ್ಕೆ 2018ರಲ್ಲಿ ಶುರು ಮಾಡಿದ ಬ್ಲಾಕ್‌ಚೈನ್. ತಂತ್ರಜ್ಞಾನ ಕೆಲಸ ಮಾಡುತ್ತಿತ್ತು. ಆದರೆ ಪ್ರತಿಸ್ಪರ್ಧಿ ಕಟ್ಟಿದ ಪುಸ್ತಕದಲ್ಲಿ ನಮ್ಮ ಲೆಕ್ಕ ಯಾಕೆ ಬರೆಯಬೇಕು ಅಂತ ಬೇರೆ ಹಡಗಿನವರು ಹಿಂಜರಿದರು. ಆಮೇಲೆ ಕೆಲವು ದೊಡ್ಡವರು ಸೇರಿದರೂ ಸಾಲಲಿಲ್ಲ. 2022ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಘೋಷಿಸಿದರು.

ಇನ್ನೊಬ್ಬರ ಪ್ರಶ್ನೆ: ಯಾರೋ ರೊಬಸ್ಟಾ ಬೆರೆಸಿ ಅರೇಬಿಕಾ ಅಂತ ಬರೆದರೆ ಬ್ಲಾಕ್‌ಚೈನ್ ಅದನ್ನು ಹಿಡಿಯುತ್ತದಾ ಸರ್?

ಉತ್ತರ: ಎಲ್ಲಿ ಹಿಡಿಯುತ್ತೆ! ಆ ಸುಳ್ಳನ್ನೇ ಯಾರೂ ಅಳಿಸಲಾಗದ ಹಾಗೆ ಕಾಪಾಡುತ್ತದೆ. ಮೂಟೆ ಬಿಚ್ಚಿ ನೋಡುವ ಮನುಷ್ಯ ಬೇಕೇ ಬೇಕು.

ಪ್ರಶ್ನೆ: ಹಾಗಾದರೆ ಈಗ ಏನು ಮಾಡಲಿ?

ಉತ್ತರ: ನಿಮ್ಮಿಂದ ಕೊಳ್ಳುವವರಿಗೆ ಒಂದು ಮೇಲ್ ಹಾಕಿ, ಯಾವ ದಾಖಲೆ ಯಾವ ರೂಪದಲ್ಲಿ ಬೇಕು ಅಂತ ಕೇಳಿ. ಅಷ್ಟರಲ್ಲಿ ತೋಟಗಳ ಗುರುತು ತೆಗೆದುಕೊಳ್ಳಿ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆವರೆಗೆ ಒಂದು ಜಿಪಿಎಸ್ ಬಿಂದು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ತೋಟದ ಗಡಿಯ ಸುತ್ತ ಪೂರ್ತಿ ಗುರುತು ಬೇಕು.

ಪ್ರಶ್ನೆ: ಸರಿ ಸರ್. ನಮ್ಮವರಲ್ಲಿ ಮುಕ್ಕಾಲು ಪಾಲು 10 ಎಕರೆ ಒಳಗಿನವರೇ. ಭಾನುವಾರದಿಂದಲೇ ಹುಡುಗರನ್ನು ಕಳಿಸುತ್ತೇನೆ.