‘ಕಾಮಗಾರಿಗೆ ಚಾಲನೆ’ ಅಂದ್ರೆ ಕೆಲಸ ಆಯ್ತಾ, ಶುರುವಾಯ್ತಾ, ಬರೀ ಪೂಜೆ ಆಯ್ತಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಚಿಕ್ಕ ಪದ, ದಿನಾ ಕಣ್ಣಿಗೆ ಬೀಳುವಂಥದ್ದು: ‘ಚಾಲನೆ’. ಅದನ್ನು ನಂಬಿ ನನ್ನ ಕಾರಿನ ಅಡಿಗೆ ಪೆಟ್ಟು ಬಿದ್ದಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೀತೀನಿ, ಬೇಸರ ಮಾಡ್ಕೋಬೇಡಿ.

ನಮ್ಮೂರು ಮಲೆನಾಡಿನ ಅಂಚಿನಲ್ಲಿದೆ. ಆ ಕ್ಷೇತ್ರದ ಶಾಸಕರ ಕಡೆಯವರು ಒಂದು ವಾಟ್ಸಾಪ್ ಗುಂಪು ನಡೆಸುತ್ತಾರೆ. ದಿನಕ್ಕೆ ನಾಲ್ಕೈದು ಸುದ್ದಿ, ಜೊತೆಗೆ ಹತ್ತಿಪ್ಪತ್ತು ಫೋಟೊ. ಎಲ್ಲಿ ಚರಂಡಿ, ಯಾವ ಶಾಲೆಗೆ ಕೊಠಡಿ, ಸದನದಲ್ಲಿ ಏನು ಕೇಳಿದರು, ಅರ್ಜಿ ಹಾಕಲು ಯಾವಾಗ ಕೊನೇ ದಿನ, ಎಲ್ಲ ಅದರಲ್ಲೇ. ನಿಜ ಹೇಳಬೇಕಂದ್ರೆ ಉಪಯೋಗದ ಗುಂಪು. ನಮ್ಮ ಚಿಕ್ಕಪ್ಪ ಪೇಪರ್ ಬಿಟ್ಟು ಈಗ ಅದನ್ನೇ ಓದುತ್ತಾರೆ.

ದೀಪಾವಳಿಗೆ ಮುಂಚೆ ಅವರ ಫೋನ್ ಬಂತು. “ರಸ್ತೆ ಆಯ್ತು ಮಾರಾಯ, ಈ ಸಲ ಬಸ್ಸಿಗೆ ಒದ್ದಾಡ್ಬೇಡ, ಕಾರಲ್ಲೇ ಬಾ” ಅಂದರು. ಸಾಕ್ಷಿಗೆ ಮೆಸೇಜನ್ನೂ ಕಳಿಸಿದರು. ಮುಖ್ಯರಸ್ತೆಯಿಂದ ನಮ್ಮೂರಿನವರೆಗಿನ ಕಾಂಕ್ರೀಟ್ ರಸ್ತೆ ಕಾಮಗಾರಿಗೆ ಮಾನ್ಯ ಶಾಸಕರು ಚಾಲನೆ ನೀಡಿದರು, ಅಂತ ಇತ್ತು. ನಾನೂ ನಂಬಿದೆ. ಹೋಗಿ ನೋಡಿದರೆ ತಿರುವಿನಲ್ಲಿ ಒಂದು ಲೋಡು ಜಲ್ಲಿ. ಪಕ್ಕದಲ್ಲಿ ಐದು ಇಟ್ಟಿಗೆ, ಅವುಗಳ ಮೇಲೆ ಅರಿಶಿನ ಕುಂಕುಮ. ಒಡೆದ ಕುಂಬಳಕಾಯಿ ಒಣಗಿ ಕಪ್ಪಾಗಿತ್ತು. ಅಲ್ಲಿಂದ ಮುಂದೆ ಎರಡು ಕಿಲೋಮೀಟರ್ ಅವೇ ಹಳೇ ಗುಂಡಿಗಳು.

ಚಿಕ್ಕಪ್ಪನನ್ನು ಕೇಳಿದೆ. ಅವರ ವಾದ ಹೀಗಿತ್ತು: “ಗಾಡಿ ಓಡಿಸೋನು ಚಾಲಕ. ಲೈಸೆನ್ಸಿನ ಮೇಲೆ ಚಾಲನಾ ಪರವಾನಗಿ ಅಂತೀವಿ. ಹಾಗಾದ್ರೆ ರಸ್ತೆಗೆ ಚಾಲನೆ ಕೊಟ್ರು ಅಂದ್ರೆ ಗಾಡಿ ಓಡ್ಸೋಕೆ ಬಿಟ್ರು ಅಂತ ತಾನೆ?” ನನಗೆ ಉತ್ತರ ಹೊಳೆಯಲಿಲ್ಲ. ಪದದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಚಲನೆ ಅಂದರೆ ತಾನಾಗಿ ಚಲಿಸುವುದು, ಚಾಲನೆ ಅಂದರೆ ಚಲಿಸುವಂತೆ ಮಾಡುವುದು. ನಮ್ಮ ತಿರುವಿನಲ್ಲಿ ಚಲಿಸಿದ್ದು ಶಾಸಕರ ಕಾರು ಒಂದೇ.

ಆಮೇಲೆ ಸುಮ್ನೆ ಕುತೂಹಲಕ್ಕೆ ಆ ಗುಂಪಿನ ಹಳೇ ಮೆಸೇಜುಗಳನ್ನೆಲ್ಲ ತೆಗೆದು ನೋಡಿದೆ. ‘ಬಸ್ ಸಂಚಾರಕ್ಕೆ ಚಾಲನೆ’ ಅಂತ ಬಂದಾಗ ಬಸ್ಸು ನಿಜವಾಗಿ ಓಡಿದೆ. ‘ಕೃಷಿ ಮೇಳಕ್ಕೆ ಚಾಲನೆ’ ಅಂದಾಗ ಮೇಳ ಅವತ್ತೇ ನಡೆದಿದೆ. ‘ಕಾಮಗಾರಿಗೆ ಚಾಲನೆ’ ಅಂದಾಗ ಮಾತ್ರ ಫೋಟೊದಲ್ಲಿ ಗುದ್ದಲಿ, ಹಾರ, ಮಂಗಳಾರತಿ ತಟ್ಟೆ. ಕೆಲಸ ಅದೇ ವಾರ ಶುರುವಾಗಿದ್ದೂ ಇದೆ, ವರ್ಷ ತಡೆದಿದ್ದೂ ಇದೆ. ಮೊದಲೆಲ್ಲ ಇದಕ್ಕೆ ‘ಗುದ್ದಲಿ ಪೂಜೆ ನೆರವೇರಿಸಿದರು’ ಅಂತಲೇ ಬರೆಯುತ್ತಿದ್ದರು, ಓದಿದವರಿಗೆ ಗೊಂದಲ ಇರುತ್ತಿರಲಿಲ್ಲ.

ಈ ‘ಗುದ್ದಲಿ ಪೂಜೆ’ಯೂ ತಮಾಷೆಯ ಪದವೇ. ಗೋಪೂಜೆಯಲ್ಲಿ ಗೋವಿಗೆ ಪೂಜೆ, ಆಯುಧಪೂಜೆಯಲ್ಲಿ ಆಯುಧಕ್ಕೆ. ಆ ಲೆಕ್ಕದಲ್ಲಿ ಇಲ್ಲಿ ಗುದ್ದಲಿಗೆ ಪೂಜೆ ಆಗಬೇಕು. ಆದರೆ ಅಗೆಯುವುದಕ್ಕೆ ಮುಂಚೆ ಕ್ಷಮೆ ಕೇಳುವುದು ನೆಲದ ಹತ್ತಿರ. ಅದಕ್ಕೇ ಕೆಲವರು ಭೂಮಿಪೂಜೆ ಅಂತಾರೆ. ಮನೆ ಕಟ್ಟುವವರು ಭೂಮಿಪೂಜೆ ಅಂತಾರೆ, ಸರ್ಕಾರಿ ಕೆಲಸಕ್ಕೆ ಗುದ್ದಲಿ ಪೂಜೆ ಅಂತಾರೆ. ಇದು ನಮ್ಮ ಕಡೆ ನಾನು ಕಂಡ ವ್ಯತ್ಯಾಸ, ನಿಮ್ಮ ಕಡೆ ಹೇಗೋ. ಕನ್ನಡದ ಗುದ್ದಲಿಗೆ ಸಂಸ್ಕೃತದ ಪೂಜೆ ಸೇರಿದ್ದರಿಂದ ಇದು ಅರಿಸಮಾಸ. ‘ಪೂಜೆ’ಯೇ ‘ಪೂಸು’ವಿನಿಂದ ಬಂದದ್ದು ಅನ್ನುವವರೂ, ‘ಗುದ್ದಲಿ’ಯೇ ಸಂಸ್ಕೃತದ ‘ಕುದ್ದಾಲ’ ಅನ್ನುವವರೂ ಈ ಬಳಗದಲ್ಲೇ ಇದ್ದೀರಿ. ಆ ಜಗಳ ಇವತ್ತು ಬೇಡ.

ನಮ್ಮೂರಲ್ಲಿ ಪೂಜೆಗೆ ಬಂದ ಗುದ್ದಲಿ ಹೊಸದಂತೆ. ಕಾವಿಗೆ ಚೆಂಡುಹೂ ಸುತ್ತಿದ್ದರು. ಮೂರು ಸಲ ನೆಲಕ್ಕೆ ಮುಟ್ಟಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಕಂಟ್ರಾಕ್ಟರ್ ಕಡೆಯ ಹುಡುಗ ಹೂ ಕಿತ್ತು ಅದನ್ನು ಜೀಪಿಗೆ ಹಾಕಿಕೊಂಡು ಹೋದನಂತೆ. ಅವತ್ತೇ ಇನ್ನೂ ಎರಡು ಊರಲ್ಲಿ ಪೂಜೆ ಇತ್ತು.

ಇನ್ನು ‘ಶಂಕುಸ್ಥಾಪನೆ’. ಗುಂಪಿನಲ್ಲಿ ಇದು ಅರ್ಧಕ್ಕರ್ಧ ಸಲ ‘ಶಂಖುಸ್ಥಾಪನೆ’ ಆಗಿರುತ್ತದೆ. ಪಾಪ, ಪೂಜೆ ಅಂದಮೇಲೆ ಶಂಖ ಇರಲೇಬೇಕು ಅಂದುಕೊಂಡಿರಬೇಕು. ಶಂಕು ಅಂದರೆ ಗೂಟ. ಹತ್ತನೇ ಕ್ಲಾಸಿನ ಗಣಿತದಲ್ಲಿ ಶಂಕುವಿನ ಘನಫಲ ಕಂಡುಹಿಡಿದವರಿಗೆ ಆಕಾರ ನೆನಪಿರಬಹುದು. ಹಿಂದೆ ಮನೆ, ಗುಡಿ ಕಟ್ಟುವ ಮುಂಚೆ ನೆಲದಲ್ಲಿ ಶಂಕು ನೆಟ್ಟು, ಅದರ ನೆರಳು ನೋಡಿ ದಿಕ್ಕು ಗುರುತಿಸುತ್ತಿದ್ದರು. ಈಗ ನೆಡುವುದು ಕಲ್ಲು, ಅದರ ಮೇಲೆ ಇರುವುದು ಹೆಸರು. ನೆರಳು ಯಾರೂ ನೋಡುವುದಿಲ್ಲ. ಹಿಂದಿಯವರು ‘ಶಿಲಾನ್ಯಾಸ’ ಅಂತ ನೇರವಾಗಿ ಕಲ್ಲನ್ನೇ ಹೇಳುತ್ತಾರೆ, ತಮಿಳರು ‘ಅಡಿಕ್ಕಲ್’ ಅನ್ನುತ್ತಾರೆ. ನಮ್ಮ ಹತ್ತಿರವೂ ‘ಅಡಿಗಲ್ಲು’ ಇದೆ, ಚೆನ್ನಾಗಿದೆ. ಗೂಟ ಬಿಡಲಿಲ್ಲ ನಾವು ಮತ್ತು ತೆಲುಗಿನವರು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಪದ ‘ಮಂಜೂರು’. ಇದು ಅರಬ್ಬಿಯ ‘ನಜರ್’ ಕುಟುಂಬದ್ದು. ನಜರ್ ಅಂದರೆ ನೋಟ, ಮಂಜೂರು ಅಂದರೆ ನೋಡಲ್ಪಟ್ಟದ್ದು. ದೊಡ್ಡವರು ನೋಡಿದರು, ಅಂದಮೇಲೆ ಒಪ್ಪಿದರು ಅಂತ ಅರ್ಥ. ‘ಎರಡು ಕೋಟಿ ಮಂಜೂರಾಗಿದೆ’ ಅಂತ ಓದಿದಾಗ ‘ಎರಡು ಕೋಟಿಯನ್ನು ನೋಡಲಾಗಿದೆ’ ಅಂತ ಓದಿಕೊಳ್ಳಿ, ಪರಿಸ್ಥಿತಿ ಸ್ಪಷ್ಟವಾಗುತ್ತದೆ. ಯಾಕಂದರೆ ಅದಾದ ಮೇಲೂ ಟೆಂಡರ್ ಆಗಬೇಕು, ಕಾರ್ಯಾದೇಶ ಬರಬೇಕು, ಹಣ ಬಿಡುಗಡೆ ಆಗಬೇಕು. ‘ಬಿಡುಗಡೆ’ ಅನ್ನುವ ಮಾತು ಬರುವವರೆಗೂ ದುಡ್ಡು ಒಳಗೇ ಇದೆ ಅಂತ ತಿಳಿಯಬೇಕು. ಇದರಲ್ಲಿ ಮಾತ್ರ ನಮ್ಮ ಪದ ಪ್ರಾಮಾಣಿಕವಾಗಿದೆ.

ಎರಡು ಕೋಟಿ ಅಂದಾಗ ನೆನಪಾಯಿತು. ಕರ್ನಾಟಕದ 224 ಶಾಸಕರಿಗೂ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇದೆ. ಜನ ಇದನ್ನು ‘ಶಾಸಕರ ದುಡ್ಡು’ ಅಂತಾರೆ, ಗುಂಪಿನಲ್ಲೂ ‘ನಮ್ಮ ಅನುದಾನದಿಂದ’ ಅಂತ ಬರುತ್ತದೆ. ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಯಾವ ಕೆಲಸ ಬೇಕು ಅಂತ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಅಂದರೆ ಇಲ್ಲಿ ಶಾಸಕರ ಪಾಲಿನ ಕ್ರಿಯಾಪದ ‘ಶಿಫಾರಸು ಮಾಡಿದರು’. ಆ ಮಾತು ಗುಂಪಿನಲ್ಲಿ ಒಂದು ಸಲವೂ ಕಾಣಲಿಲ್ಲ.

‘ಕಾಮಗಾರಿ’ ಬಗ್ಗೆ ಎರಡೇ ಮಾತು. ಇದರಲ್ಲಿರುವುದು ನಮ್ಮ ಕಾಮ ಅಲ್ಲ. ಕರ್ಮ ಪ್ರಾಕೃತದಲ್ಲಿ ಕಮ್ಮ ಆಗಿ, ಆಮೇಲೆ ಕಾಮ್ ಆದ ಕೆಲಸ. ಮರಾಠಿಯಲ್ಲಿ ಕಾಮಗಾರ ಅಂದರೆ ಕೆಲಸಗಾರ. ಸ್ವಂತ ಮನೆ ಕಟ್ಟಿಸುವವರು ಯಾರೂ ‘ಕಾಮಗಾರಿ ನಡೀತಿದೆ’ ಅನ್ನಲ್ಲ, ‘ಮನೆ ಕೆಲಸ ನಡೀತಿದೆ’ ಅಂತಾರೆ. ಸರ್ಕಾರದ್ದಾದರೆ ಮಾತ್ರ ಕಾಮಗಾರಿ. ಬಹುಶಃ ಅದಕ್ಕೇ ಅದರ ಹಿಂದೆ ‘ಕಳಪೆ’ ಅಷ್ಟು ಸಲೀಸಾಗಿ ಬಂದು ಕೂರುತ್ತದೆ.

‘ಶಾಸಕ’ ಪದವನ್ನೂ ಹಿಂದಿ ಬಲ್ಲ ಗೆಳೆಯನಿಗೆ ತೋರಿಸಿ ಪೇಚಿಗೆ ಸಿಕ್ಕಿದ್ದೆ. ಹಿಂದಿಯಲ್ಲಿ ಶಾಸಕ ಅಂದರೆ ಆಳುವವನು, ದೊರೆ. ನಮ್ಮ ಶಾಸಕರಿಗೆ ಅವರು ವಿಧಾಯಕ ಅಂತಾರೆ. “ನಿಮ್ಮಲ್ಲಿ 224 ದೊರೆಗಳಾ?” ಅಂದ. ಶಾಸನ ಮಾಡುವವರು ಅಂತ ತಿಳಿಸಿ ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಊರಿನವರ ಮಾತಿನಲ್ಲಿ ಒಂದು ಕ್ರಿಯಾಪದ ಇದೆ: “ಎಮ್ಮೆಲ್ಲೆ ರೋಡು ಮಾಡಿಸ್ಕೊಟ್ರು”. ‘ಮಾಡಿಸಿಕೊಟ್ಟರು’ ಅನ್ನುವ ಒಂದೇ ಪದದಲ್ಲಿ ಎಷ್ಟು ಇದೆ ನೋಡಿ. ‘ಇಸು’ ಇರುವುದರಿಂದ ಕೆಲಸ ಮಾಡಿದ್ದು ಬೇರೆಯವರು, ಇವರು ಮಾಡಿಸಿದ್ದು ಅಂತ ಗೊತ್ತಾಗುತ್ತದೆ. ‘ಕೊಡು’ ಸೇರಿದ್ದರಿಂದ ನಮಗೋಸ್ಕರ ಅಂತ ಆಗುತ್ತದೆ. ‘ಕೊಟ್ಟರು’ ಅಂದಮೇಲೆ ಕೆಲಸ ಮುಗಿದಿದೆ. ರಸ್ತೆ ಆಗದೆ ಈ ಮಾತನ್ನು ಊರಲ್ಲಿ ಯಾರೂ ಆಡುವುದಿಲ್ಲ. ಶುರುವಾಗಿದ್ದರೆ “ಕೆಲಸ ಹಿಡಿದಿದಾರೆ” ಅಂತಾರೆ, ಆಗದಿದ್ದರೆ “ಪೂಜೆ ಮಾಡಿ ಹೋಗಿದಾರೆ” ಅಂತಾರೆ. ಗುಂಪಿನ ಭಾಷೆಯಲ್ಲಿ ಇದೆಲ್ಲ ‘ಚಾಲನೆ ನೀಡಲಾಗಿದೆ’, ‘ಪ್ರಗತಿಯಲ್ಲಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಆಗುತ್ತದೆ. ಯಾರು ಮಾಡಿದರು ಅಂತಲೂ ಇಲ್ಲ, ಎಲ್ಲಿಗೆ ಬಂತು ಅಂತಲೂ ಇಲ್ಲ. ಮೋಸ ಮಾಡಬೇಕು ಅಂತ ಬರೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬರೆಯುವ ಹುಡುಗರಿಗೆ ಪೇಪರಿನಲ್ಲಿ ಸಿಕ್ಕ ಅಚ್ಚು ಅದೊಂದೇ.

ನನ್ನ ಪ್ರಶ್ನೆಗಳು ಇವು. ಸಮಾರಂಭಕ್ಕೆ ‘ಚಾಲನೆ ನೀಡು’ ಅನ್ನುವ ಬಳಕೆ ಕನ್ನಡ ಪತ್ರಿಕೆಗಳಲ್ಲಿ ಯಾವಾಗ ಶುರುವಾಯಿತು? 1950-60ರ ದಶಕದ ಪತ್ರಿಕೆಗಳು ಮನೆಯಲ್ಲಿರುವವರು ಒಮ್ಮೆ ನೋಡುತ್ತೀರಾ? ಆಗ ಅಣೆಕಟ್ಟು, ಸೇತುವೆ ಸುದ್ದಿಗಳಲ್ಲಿ ಯಾವ ಪದ ಇರುತ್ತಿತ್ತು? ಉತ್ತರ ಕರ್ನಾಟಕ, ಕರಾವಳಿಯವರು ಗುದ್ದಲಿ ಪೂಜೆಗೆ ಮನೆಮಾತಿನಲ್ಲಿ ಏನಂತೀರಿ? ಇನ್ನೊಂದು ಚಿಕ್ಕಪ್ಪನ ಕಡೆಯಿಂದ: ಪೂಜೆ ಆಗಿ ಕೆಲಸ ಶುರುವಾಗದೆ ಉಳಿದ ಸ್ಥಿತಿಗೆ ನಿಮ್ಮ ಕಡೆ ಒಂದು ಪದ ಇದೆಯಾ? ಇದ್ದರೆ ತಿಳಿಸಿ, ಅವರು ಗುಂಪಿನಲ್ಲಿ ಹಾಕಬೇಕಂತೆ.